ಮಳೆಗಾಲದಲ್ಲಿ ಪ್ಲೇನರ್ ಮೇಜಿಗೆ ತುಕ್ಕು: ತಡೆಯೋದು ಹೇಗೆ?

ಮಲೆನಾಡಿನ ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ ಇದ್ದಾಗ ನಾನು ತುಡುವೆ ಜೇನಿಗೆ ಪೆಟ್ಟಿಗೆ ಮಾಡ್ತೀನಿ. ಅದಕ್ಕೆ ಸೆಕೆಂಡ್ ಹ್ಯಾಂಡ್ ಪ್ಲೇನರ್ ಒಂದನ್ನು ತಂದಿದ್ದೆ. ಮೊದಲ ಜುಲೈನಲ್ಲೇ ಎಡವಟ್ಟಾಯ್ತು. ಹಸಿ ಹಲಸಿನ ಹಲಗೆಯನ್ನು ಅದರ ಮೇಜಿನ ಮೇಲೇ ಬಿಟ್ಟು ಎರಡು ವಾರ ಊರಿಗೆ ಹೋಗಿದ್ದೆ. ಬಂದು ನೋಡಿದ್ರೆ ಹಲಗೆಯ ಅಡಿ ಕಪ್ಪು ಕಲೆ, ಸುತ್ತ ಕೆಂಪು ತುಕ್ಕು, ಅಲ್ಲಲ್ಲಿ ಸಣ್ಣ ಗುಳಿ. ತುಕ್ಕನ್ನು ಉಜ್ಜಿ ತೆಗೀಬಹುದು, ಗುಳಿ ಹೋಗಲ್ಲ. ಅದಕ್ಕಿಂತ ಮುಖ್ಯ, ಒರಟು ಮೇಜಿನ ಮೇಲೆ ಹಲಗೆ ಸಲೀಸಾಗಿ ಜಾರಲ್ಲ. ಬಲ ಹಾಕಿ ತಳ್ಳುವಾಗ ಕೈ ತಪ್ಪಿದ್ರೆ ಬೆರಳೇ ಹೋದೀತು.

ತುಕ್ಕು ಯಾಕೆ?

"ಬೀಡು ಬೆವರುತ್ತೆ ಮಾರಾಯ" ಅಂದ್ರು ನಮ್ಮೂರ ಆಚಾರ್ರು. ನಿಜ. ದಪ್ಪನೆಯ ಬೀಡು ಕಬ್ಬಿಣ ರಾತ್ರಿ ತಣ್ಣಗಾದ್ರೆ ಬೆಳಿಗ್ಗೆ ಬೇಗ ಬಿಸಿಯಾಗಲ್ಲ. ಹೊರಗಿನ ತೇವದ ಗಾಳಿ ತಾಗಿದಾಗ, ತಣ್ಣೀರಿನ ಲೋಟದ ಹೊರಗೆ ಹನಿ ಕೂರೋ ಹಾಗೆ, ಮೇಜಿನ ಮೇಲೂ ನೀರು ಕೂರುತ್ತೆ. ನೀರು, ಗಾಳಿ, ಕಬ್ಬಿಣ ಸೇರಿದ್ರೆ ತುಕ್ಕು. ಉಪ್ಪಿನಂಶ ಇದ್ದರೆ ಇನ್ನೂ ಬೇಗ. ಅಂಗೈ ಬೆವರಲ್ಲೂ ಉಪ್ಪಿದೆ, ಗೋಮೂತ್ರದಲ್ಲೂ ಇದೆ.

ನಾನೀಗ ಮಾಡೋದು

1. ಮೊದಲು ಪ್ಲಗ್ ಕಿತ್ತಿಡಿ. ಬ್ಲೇಡಿನ ಮೇಲೆ ದಪ್ಪ ರಟ್ಟು ಮುಚ್ಚಿ.
2. ತುಕ್ಕಿನ ಮೇಲೆ ಸ್ವಲ್ಪ ಸೀಮೆಎಣ್ಣೆ ಹಚ್ಚಿ, ಪಾತ್ರೆ ಉಜ್ಜೋ ಹಸಿರು ಸ್ಕ್ರಬ್ಬರ್‌ನಿಂದ ಹಲಗೆ ಸಾಗೋ ದಿಕ್ಕಿನಲ್ಲೇ ಉಜ್ಜಿ. ಒಂದೇ ಜಾಗವನ್ನು ತಿಕ್ಕಿ ತಿಕ್ಕಿ ತಗ್ಗು ಮಾಡಬೇಡಿ.
3. ಒಣ ಬಟ್ಟೆಯಿಂದ ಪೂರ್ತಿ ಒರೆಸಿ.
4. 50 ಗ್ರಾಂ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕರಗಿಸಿ. ಡಬ್ಬಿಯನ್ನು ಒಲೆಯಿಂದ ದೂರ, ಬಯಲಿಗೆ ತಂದ ಮೇಲೆ 150 ಮಿ.ಲೀ. ಟರ್ಪೆಂಟೈನ್ ಬೆರೆಸಿ. ಬೆಂಕಿ ಹತ್ತಿರ ಬೆರೆಸಿದ್ರೆ ಭಗ್ಗನೆ ಹತ್ತಿಕೊಳ್ಳುತ್ತೆ, ಹುಷಾರು.
5. ತಣಿದ ಮೇಣವನ್ನು ತೆಳುವಾಗಿ ಹಚ್ಚಿ, 15 ನಿಮಿಷ ಬಿಟ್ಟು, ಬಟ್ಟೆಯಿಂದ ಹೊಳೆಯೋ ತನಕ ಉಜ್ಜಿ.

ಮೇಜಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಗುಂಡಗೆ ನಿಂತರೆ ಮೇಣ ಇದೆ. ಹರಡಿಕೊಂಡರೆ ಮತ್ತೆ ಹಚ್ಚಬೇಕು. ಪರೀಕ್ಷೆ ಆದ ಕೂಡಲೇ ಹನಿ ಒರೆಸಿಬಿಡಿ. ಮಳೆಗಾಲದಲ್ಲಿ ನಾನು ತಿಂಗಳಿಗೊಮ್ಮೆ ಹಚ್ತೀನಿ.

ಇವು ಬೇಡ

- ಕೊಬ್ಬರಿ ಎಣ್ಣೆ, ಹಳೇ ಎಂಜಿನ್ ಆಯಿಲ್ ಬೇಡ. ಧೂಳು ಅಂಟುತ್ತೆ, ಹಲಗೆಗೂ ಎಣ್ಣೆ ಹಿಡಿಯುತ್ತೆ. ಎಂಜಿನ್ ಆಯಿಲ್ ವಾಸನೆ ಜೇನುಪೆಟ್ಟಿಗೆಗೆ ಬರಲೇಬಾರದು.
- ಮರದ ಹೊಟ್ಟನ್ನು ಮೇಜಿನ ಮೇಲೆ ರಾತ್ರಿ ಬಿಡಬೇಡಿ, ಅದು ತೇವ ಹೀರುತ್ತೆ.
- ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಬೇಡಿ, ತೇವ ಒಳಗೇ ಉಳಿಯುತ್ತೆ. ಒಣಗಿದ ಕಂಬಳಿ ಸಾಕು.
- ಮೈಲುತುತ್ತ, ಪೊಟ್ಯಾಷ್, ಜೀವಾಮೃತದ ಡ್ರಮ್ಮು ಇದೇ ಶೆಡ್ಡಿನಲ್ಲಿ ಇಡಬೇಡಿ.

ಮೇಣಕ್ಕೆ ದುಡ್ಡು ಕೊಡಬೇಕಿಲ್ಲ, ತುಪ್ಪ ತೆಗೆದ ಮೇಲೆ ಉಳಿಯೋ ಹಳೇ ಎರಿಗಳನ್ನು ಕರಗಿಸಿ ಸೋಸಿದ್ರೆ ಆಯ್ತು. ಮುಂಗಾರು ಹಿಡಿಯೋ ಮುಂಚೆ ಒಂದು ಸಂಜೆ ಬಿಡುವು ಮಾಡ್ಕೊಂಡು ಇಷ್ಟು ಮಾಡಿಬಿಡಿ. ನನ್ನ ಮೇಜಿನ ಗುಳಿಗಳು ಇನ್ನೂ ಹಾಗೇ ಇವೆ. ನಿಮ್ಮ ಮೇಜಿಗೆ ಆ ಗತಿ ಬರೋದು ಬೇಡ.