ಉಡುವುದು, ತೊಡುವುದು

ಸೀರೆಯನ್ನು ಉಡುತ್ತೇವೆ, ಅಂಗಿಯನ್ನು ತೊಡುತ್ತೇವೆ, ರುಮಾಲನ್ನು ಸುತ್ತುತ್ತೇವೆ, ಕಂಬಳಿಯನ್ನು ಹೊದೆಯುತ್ತೇವೆ. ಪಂಚೆಯನ್ನು ‘ತೊಟ್ಟನು’ ಎಂದು ಯಾರಾದರೂ ಬರೆದರೆ ಕನ್ನಡ ಬಲ್ಲವರ ಕಿವಿ ಅದನ್ನು ಒಪ್ಪುವುದಿಲ್ಲ. ಈಗಿನ ಮಕ್ಕಳು ಎಲ್ಲಕ್ಕೂ ‘ಹಾಕಿಕೊಳ್ಳುವುದು’ ಎಂಬ ಒಂದೇ ಮಾತಿನಿಂದ ಕೆಲಸ ಮುಗಿಸುತ್ತಾರಾದರೂ, ಉಡುಪಿನ ಶಾಸ್ತ್ರದ ಮೊದಲ ಪಾಠವು ಈ ಕ್ರಿಯಾಪದಗಳಲ್ಲಿಯೇ ಅಡಗಿದೆ. ಉಡುವ ಬಟ್ಟೆಗೆ ಕತ್ತರಿಯ ಹಂಗಿಲ್ಲ. ಮಗ್ಗದಿಂದ ಇಳಿದ ಬಟ್ಟೆಯು ಉಟ್ಟವರ ಮೈಮೇಲೆ ನಿರಿಗೆಯಾಗಿ, ಸೆರಗಾಗಿ, ಕಚ್ಚೆಯಾಗಿ ರೂಪ ತಾಳುತ್ತದೆ; ಬಿಚ್ಚಿ ಮಡಿಸಿದೊಡನೆ ಪುನಃ ಬರಿಯ ಬಟ್ಟೆಯಾಗುತ್ತದೆ. ಒಂದೇ ಸೀರೆಯು ಅತ್ತೆಗೂ ಸೊಸೆಗೂ ಒಪ್ಪುವುದು ಇದರಿಂದಲೇ. ತೊಡುವ ಉಡುಪಾದರೋ ಒಬ್ಬನ ಅಳತೆಗೆ ಕತ್ತರಿಸಿ ಹೊಲಿದುದು. ಅವನು ಬೆಳೆದರೆ ಅದು ತಮ್ಮನಿಗೆ ಸಲ್ಲಬೇಕು.

ಇನ್ನು ನೂಲಿನ ವಿಚಾರ. ನೇಮಕಲ್ಲಿನ ಬಿಸಿಲನ್ನು ಬಲ್ಲ ನಮಗೆ ಇದು ಪುಸ್ತಕದ ಮಾತಷ್ಟೇ ಅಲ್ಲ. ಸಾಧಾರಣ ಹವೆಯಲ್ಲಿ ಹತ್ತಿಯು ತನ್ನ ತೂಕದ ನೂರಕ್ಕೆ ಸುಮಾರು 8 ಭಾಗದಷ್ಟು ತೇವವನ್ನು ತನ್ನೊಳಗೆ ಇರಿಸಿಕೊಳ್ಳುತ್ತದೆ. ಪಾಲಿಯೆಸ್ಟರ್ ಎಂಬ ಕೃತಕ ನೂಲು ಅರ್ಧ ಭಾಗವನ್ನೂ ಹೀರದು. ಆದಕಾರಣ ಬೇಸಗೆಯಲ್ಲಿ ಹತ್ತಿಯ ಅಂಗಿಯು ಬೆವರನ್ನು ಹೀರಿ ಆರಿಸಿ ಮೈಯನ್ನು ತಂಪಾಗಿಡುತ್ತದೆ, ಹೊಳೆಯುವ ಪಾಲಿಯೆಸ್ಟರ್ ಅಂಗಿಯು ಬೆನ್ನಿಗೆ ಅಂಟುತ್ತದೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಸುಕ್ಕಾಗುವುದಿಲ್ಲ, ಬಹುಕಾಲ ಬಾಳುತ್ತದೆ ಎಂಬುದನ್ನೂ ಮರೆಯಬಾರದು. ಎರಡನ್ನೂ ಬೆರೆಸಿ ನೇಯುವುದು ಇದಕ್ಕಾಗಿಯೇ.

ಉಣ್ಣೆಯ ಗುಣವನ್ನು ತಿಳಿಯಬೇಕೆಂದರೆ ಕುರುಬರ ಕರಿಯ ಕಂಬಳಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಸುರುಳಿಗೊಂಡ ಎಳೆಗಳ ನಡುವೆ ಗಾಳಿ ಸಿಕ್ಕಿ ನಿಲ್ಲುವುದರಿಂದ ಮೈಯ ಶಾಖವು ಹೊರಗೆ ಹೋಗದು. ನೇಯ್ದಮೇಲೆ ಅದಕ್ಕೆ ಹುಣಿಸೆಬೀಜದ ಗಂಜಿಯನ್ನು ಹಚ್ಚುವರು; ಆಗ ಕಂಬಳಿ ಬಿರುಸಾಗಿ ಮಳೆಯ ಹನಿಯು ಒಳಗಿಳಿಯದೆ ಜಾರುತ್ತದೆ. ಕುರಿ ಕಾಯುವವನಿಗೆ ರಾತ್ರಿ ಅದೇ ಹಾಸಿಗೆ, ಮಳೆಯಲ್ಲಿ ಅದೇ ಕೊಪ್ಪೆ, ಹಗಲಿನಲ್ಲಿ ಅದೇ ಹೆಗಲ ಗಂಟು. ಕೆಲಸಕ್ಕೆ ತಕ್ಕ ಉಡುಪು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನವು ನಮಗೆ ಕಾಣದು.

ಅಂದದ ಸೂತ್ರಗಳೂ ಹೀಗೆಯೇ ನಮ್ಮ ಮಗ್ಗಗಳಲ್ಲಿವೆ. ಇಳಕಲ್ಲಿನ ಸೀರೆಯಲ್ಲಿ ಮೈಯ ಹಾಸು ಹತ್ತಿಯದಾಗಿದ್ದರೂ ಸೆರಗಿನ ಹಾಸು ರೇಷ್ಮೆಯದಾಗಿರಬಹುದು. ಎರಡು ಹಾಸುಗಳನ್ನೂ ‘ಕೊಂಡಿ’ ಹಾಕಿ ಎಳೆಯೆಳೆಯಾಗಿ ಕೂಡಿಸುವರು. ಕಣ್ಣು ಮೊದಲು ಬೀಳುವ ಸೆರಗಿಗೆ ಹೆಚ್ಚಿನ ಬೆಲೆಯ ನೂಲು, ನಿರಿಗೆಯಲ್ಲಿ ಅಡಗುವ ಭಾಗಕ್ಕೆ ಅಗ್ಗದ ನೂಲು! ಮಿತವ್ಯಯವೂ ಸೊಬಗೂ ಒಂದೇ ಮಗ್ಗದಲ್ಲಿ ಸಾಧಿಸಿದವು. ರಾಯದುರ್ಗಕ್ಕೆ ಸಮೀಪದ ಮೊಳಕಾಲ್ಮೂರಿನಲ್ಲಿ ರೇಷ್ಮೆ ನೇಯುವವರಿದ್ದಾರೆ. ಅವಕಾಶವಾದಾಗ ವಿದ್ಯಾರ್ಥಿಗಳು ಹೋಗಿ ಹಾಸು ಯಾವುದು, ಹೊಕ್ಕು ಯಾವುದು ಎಂದು ಕಣ್ಣಾರೆ ಕಂಡುಬರಬೇಕು.

ಆದರೆ ‘ಫ್ಯಾಷನ್’ ಎಂಬುದು ನೂಲು, ಹವೆ, ಕೆಲಸ ಇವುಗಳಿಂದ ಮಾತ್ರ ಹುಟ್ಟುವುದಿಲ್ಲ. ಯಾರು ತೊಟ್ಟರು ಎಂಬುದರಿಂದಲೂ ಹುಟ್ಟುತ್ತದೆ. ಇದಕ್ಕೆ ವಿಜಯನಗರದ ಕಾಲದ ಒಂದು ನಿದರ್ಶನವನ್ನು ನೋಡೋಣ. ಪೋರ್ಚುಗೀಸ್ ವರ್ತಕ ದೊಮಿಂಗೊ ಪಾಯೆಸನು 1520ರ ಸುಮಾರಿಗೆ ಕೃಷ್ಣದೇವರಾಯನನ್ನು ಕಂಡಾಗ, ಅರಸನು ಚಿನ್ನದ ಗುಲಾಬಿ ಹೂಗಳ ಕಸೂತಿಯುಳ್ಳ ಬಿಳಿಯ ಬಟ್ಟೆಯನ್ನು ಧರಿಸಿದ್ದನಂತೆ, ತಲೆಯ ಮೇಲೆ ಜರತಾರಿಯ ಟೋಪಿ ಇದ್ದಿತಂತೆ, ಕಾಲು ಮಾತ್ರ ಬರಿಗಾಲು. ಆ ಆಸ್ಥಾನದ ಉದ್ದ ತೋಳಿನ ಅಂಗಿಗೆ ‘ಕಬಾಯಿ’ ಎಂದೂ ಎತ್ತರದ ಟೋಪಿಗೆ ‘ಕುಲ್ಲಾಯಿ’ ಎಂದೂ ಹೆಸರು. ಮೊದಲನೆಯ ಶಬ್ದವು ಅರಬ್ಬಿಯಿಂದ, ಎರಡನೆಯದು ಪಾರಸಿಯಿಂದ ಬಂದುದು. ಕುದುರೆಗಳು ಬಂದ ಸಮುದ್ರದ ದಾರಿಯಲ್ಲಿ ಉಡುಪಿನ ಹೊಸ ಮಾದರಿಗಳೂ ಬಂದವು. ಆದರೆ ತಿರುಮಲೆಯ ದೇವಾಲಯದಲ್ಲಿರುವ ಅದೇ ಅರಸನ ಲೋಹಪ್ರತಿಮೆಯಲ್ಲಿ ಕುಲ್ಲಾಯಿ ಇದೆ, ಕಬಾಯಿ ಇಲ್ಲ. ದೇವರ ಮುಂದೆ ಕೈಮುಗಿದು ನಿಂತ ರಾಯನ ಮೇಲ್ಮೈ ಬರಿದಾಗಿದೆ. ಸಭೆಗೊಂದು ಉಡುಪು, ಗುಡಿಗೊಂದು ಉಡುಪು. ಮಡಕಶಿರಾ ಕಡೆಯ ವಿದ್ಯಾರ್ಥಿಗಳಿಗೆ ಲೇಪಾಕ್ಷಿಯು ದೂರವಲ್ಲ. ಅಲ್ಲಿಯ ವೀರಭದ್ರ ದೇವಾಲಯದ ಮಾಳಿಗೆಯಲ್ಲಿ ಹದಿನಾರನೆಯ ಶತಮಾನದ ಚಿತ್ರಗಳಿವೆ. ಗಂಡಸರ ಎತ್ತರದ ಟೋಪಿಗಳನ್ನೂ ಹೆಂಗಸರ ಸೀರೆಗಳ ಪಟ್ಟೆ, ಚೌಕಳಿ, ಹೂಬಳ್ಳಿಗಳನ್ನೂ ಅಲ್ಲಿ ಎಣಿಸಬಹುದು.

ಆ ರಾಜಟೋಪಿ ಈಗ ಎಲ್ಲಿದೆ? ನಮ್ಮ ತೊಟ್ಟಿಲುಗಳಲ್ಲಿದೆ! ಹಸುಗೂಸಿನ ತಲೆಗೆ ಅಜ್ಜಿಯರು ಕಟ್ಟುವ ‘ಕುಲಾವಿ’ಯು ಹೆಸರಿನಲ್ಲಿ ಆ ಕುಲ್ಲಾಯಿಯೇ.

ಇದಕ್ಕೆ ವಿರುದ್ಧವಾದ ದಾರಿಯಲ್ಲಿ ನಡೆದುಬಂದುದು ಜೀನ್ಸ್ ಪ್ಯಾಂಟು. ಅಮೆರಿಕದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯು ಕೂಲಿಕಾರರ ಜೇಬು ಹರಿಯದಂತೆ ಮೂಲೆಗಳಿಗೆ ತಾಮ್ರದ ಗುಬುಟುಗಳನ್ನು ಬಡಿದನು. ಅವನೂ ಬಟ್ಟೆಯ ವ್ಯಾಪಾರಿ ಲೆವಿ ಸ್ಟ್ರಾಸನೂ ಕೂಡಿ 1873ರಲ್ಲಿ ಅದರ ಹಕ್ಕುಪತ್ರ ಪಡೆದರು. 1950ರ ದಶಕದಲ್ಲಿ ಚಲನಚಿತ್ರದ ನಟರು ತೊಟ್ಟಮೇಲೆ ಅದು ಯುವಕರ ಉಡುಪಾಯಿತು. ಅಲ್ಲಿಯ ಕೆಲವು ಶಾಲೆಗಳು ಅದನ್ನು ನಿಷೇಧಿಸಿದವು. ಇಂದು ಬಳ್ಳಾರಿಯಲ್ಲಿಯೂ ರಾಯದುರ್ಗದಲ್ಲಿಯೂ ಎಷ್ಟೋ ಮನೆಗಳ ಅನ್ನವು ಜೀನ್ಸ್ ಹೊಲಿಗೆಯಿಂದ ಬರುತ್ತಿದೆ. ಅದರ ಹಾಸಿನ ನೂಲಿಗೆ ಮಾತ್ರ ನೀಲಿ, ಹೊಕ್ಕು ಬಿಳಿ. ನೀಲಿಯು ನೂಲಿನ ಒಳತಿರುಳಿಗೆ ಇಳಿಯದ ಕಾರಣ ಉಜ್ಜಿದಲ್ಲೆಲ್ಲ ಬಣ್ಣ ಮಾಸುತ್ತದೆ. ಈಗ ಆ ಮಾಸಲು ಬಣ್ಣಕ್ಕೂ ಹರಿದ ಮೊಣಕಾಲಿಗೂ ಬೆಲೆ ಬಂದಿರುವುದನ್ನು ಕಂಡು ನಮ್ಮ ಹಿರಿಯರು ನಗುವುದರಲ್ಲಿ ಆಶ್ಚರ್ಯವೇನು!

ಅರಸನ ಟೋಪಿ ಕೂಸಿಗೆ ಇಳಿಯಿತು, ಕೂಲಿಯ ಷರಾಯಿ ಧನಿಕನಿಗೆ ಏರಿತು. ಬಟ್ಟೆ ತಾನು ಮೇಲೂ ಅಲ್ಲ, ಕೀಳೂ ಅಲ್ಲ. ಹೀಗಿರಲು ತರಗತಿಯಲ್ಲಿ ಒಬ್ಬನ ಪ್ಯಾಂಟಿನ ಕಾಲು ಹೋದ ವರ್ಷದ ಅಗಲದ್ದೆಂದು ಉಳಿದವರು ಅಣಕಿಸುವುದಕ್ಕೆ ಏನು ಆಧಾರ? ಈ ಅಣಕಕ್ಕೆ ಅಂಜಿಯೇ ಮಕ್ಕಳು ಮನೆಯಲ್ಲಿ ಹಟ ಹಿಡಿಯುವರು, ತಂದೆತಾಯಿಗಳು ಮಳೆ ಬಾರದ ವರ್ಷದಲ್ಲಿಯೂ ಸಾಲ ಮಾಡಿ ಬಟ್ಟೆ ತರುವರು.

ಪೋಷಕರು ಕೊಳ್ಳುವಾಗ ಅಂಗಿಯನ್ನು ಒಳಮಗ್ಗುಲಿಗೆ ತಿರುವಿ ನೋಡಬೇಕು. ಹೊಲಿಗೆಯ ಅಂಚಿನಲ್ಲಿ ಬೆರಳಗಲದ ಬಟ್ಟೆ ಬಿಟ್ಟಿದ್ದರೆ ಮಗು ಬೆಳೆದಾಗ ಬಿಚ್ಚಿ ಅಗಲಿಸಬಹುದು. ಒದ್ದೆಯಾದ ಬಿಳಿಯ ಚೌಕದಿಂದ ಮೂಲೆಯನ್ನು ಉಜ್ಜಿದರೆ ಬಣ್ಣ ಬಿಡುವುದೋ ಇಲ್ಲವೋ ತಿಳಿಯುತ್ತದೆ. ಮನೆಗೆ ತಂದಮೇಲೆ ಅಂಚಿನಿಂದ ಒಂದೆರಡು ಎಳೆ ಬಿಡಿಸಿ, ಹಿರಿಯರೇ ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಲಿ. ಹತ್ತಿಯು ಕಾಗದದಂತೆ ಉರಿದು ಮೃದುವಾದ ಬೂದಿಯಾಗುತ್ತದೆ. ರೇಷ್ಮೆಯೂ ಉಣ್ಣೆಯೂ ಕೂದಲು ಸುಟ್ಟ ವಾಸನೆ ಬೀರುತ್ತವೆ. ಪಾಲಿಯೆಸ್ಟರ್ ಕರಗಿ, ಆರಿದಮೇಲೆ ಗಟ್ಟಿಯಾದ ಕರಿಯ ಗುಂಡಾಗಿ ನಿಲ್ಲುತ್ತದೆ.