ದೆವ್ವದ ಬಿಳಿಯ ಸೀರೆ

ನಮ್ಮ ಕತೆಗಳಲ್ಲಿ ಬರುವ ದೆವ್ವಕ್ಕೆ ನಿಶ್ಚಿತವಾದ ಒಂದು ವೇಷವುಂಟು. ಬಿಳಿಯ ಸೀರೆ, ಬಿಚ್ಚಿದ ಕೂದಲು, ಗುರುತು ಹತ್ತದ ಮುಖ, ನೆಲಕ್ಕೆ ತಾಗದ ಪಾದ. ಮೋಹಿನಿಯಾದರೆ ಮುಡಿಯಲ್ಲಿ ಮಲ್ಲಿಗೆ. ಅದು ಹುಣಿಸೆಯ ಮರದ ಕೆಳಗೋ ಕೆರೆಯ ಏರಿಯ ಮೇಲೋ ನಿಂತಿರುತ್ತದೆ. ಕಡೆಗಣ್ಣಿಗೆ ಕಾಣುತ್ತದೆ, ತಿರುಗಿ ದಿಟ್ಟಿಸಿದರೆ ಮಾಯವಾಗುತ್ತದೆ. ಅಜ್ಜಿಯ ಕತೆಯಿಂದ ಕಾದಂಬರಿಗೆ, ಕಾದಂಬರಿಯಿಂದ ಚಲನಚಿತ್ರಕ್ಕೆ, ಅಲ್ಲಿಂದ ಈಗ ಅಂಗೈಯಲ್ಲಿ ಹಿಡಿಯುವ ಫೋನಿನ ಪರದೆಗೆ ಬಂದರೂ ಈ ವೇಷ ಹೆಚ್ಚು ಕದಲಿಲ್ಲ. ಬದುಕಿರುವವರ ಉಡುಪು ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತಿರಲು ದೆವ್ವದ ಉಡುಪು ಮಾತ್ರ ಹೀಗೆ ಸ್ಥಿರವಾಗಿ ನಿಂತದ್ದೇಕೆ? ಶವಕ್ಕೆ ಹೊದಿಸುವ ಬಟ್ಟೆ ಬಿಳಿಯದು, ಆದುದರಿಂದ ದೆವ್ವದ ಬಟ್ಟೆಯೂ ಬಿಳಿಯದು ಎಂದು ಜಾನಪದವನ್ನು ಬಲ್ಲವರು ಹೇಳಬಹುದು. ಅದು ಸರಿಯೇ. ಆದರೆ ಈ ಪ್ರಶ್ನೆಗೆ ಭೌತವಿಜ್ಞಾನವೂ ಒಂದು ಉತ್ತರವನ್ನು ಕೊಡಬಲ್ಲುದು. ಅದನ್ನು ಇಲ್ಲಿ ವಿಚಾರಿಸೋಣ.

ಗರ್ಭಗುಡಿಯ ಕತ್ತಲೆ

ಈ ವಿಚಾರಕ್ಕೆ ಒಳ್ಳೆಯ ಪ್ರಯೋಗಶಾಲೆಯೊಂದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿದೆ. ಅದೇ ಸೋಮನಾಥಪುರದ ಕೇಶವ ದೇವಾಲಯ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು 13ನೆಯ ಶತಮಾನದಲ್ಲಿ ಕಟ್ಟಿಸಿದ ಈ ತ್ರಿಕೂಟಾಲಯವು 2023ರಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಡುಹಗಲಿನ ಬಿಸಿಲಿನಲ್ಲಿ ಹೊರಗೋಡೆಯ ಆನೆ, ಕುದುರೆ, ಬಳ್ಳಿಗಳ ಸಾಲುಗಳನ್ನು ನೋಡಿ ಒಳಗೆ ಕಾಲಿಟ್ಟವನಿಗೆ ಮೊದಲು ಏನೂ ಕಾಣದು. ಕೆಲವು ನಿಮಿಷ ಕಳೆದರೆ ಕಡೆದ ಕಂಬಗಳು ಮೂಡುತ್ತವೆ; ಆಮೇಲೆ ಮೇಲ್ಛಾವಣಿಯ ಬಾಳೆಯ ಮೊಗ್ಗು; ಕೊನೆಗೆ ಗರ್ಭಗುಡಿಯ ಜನಾರ್ದನ, ವೇಣುಗೋಪಾಲರ ವಿಗ್ರಹಗಳ ಅಂಚುಗಳು. ದೀಪವನ್ನು ಯಾರೂ ಹಚ್ಚಲಿಲ್ಲ. ಬದಲಾದದ್ದು ನೋಡುವವನ ಕಣ್ಣು.

ಈ ಬದಲಾವಣೆಯ ಪ್ರಮಾಣವೆಷ್ಟೆಂಬುದನ್ನು ಲೆಕ್ಕ ಹಾಕಬಹುದು. ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್ ಬೆಳಕನ್ನು ನೆಲದ ಮೇಲೆ ಬೀಳಿಸುತ್ತದೆ. ಹುಣ್ಣಿಮೆಯ ಬೆಳದಿಂಗಳಾದರೋ ಒಂದು ಲಕ್ಸಿನ ಮೂರನೆಯ ಒಂದು ಭಾಗವನ್ನು ಮೀರುವುದಿಲ್ಲ. ಎಂದರೆ ಎರಡಕ್ಕೂ ಮೂರು ಲಕ್ಷ ಪಟ್ಟಿಗಿಂತಲೂ ಹೆಚ್ಚಿನ ಅಂತರ. ಕಣ್ಣಿನ ಪಾಪೆ ಕತ್ತಲೆಯಲ್ಲಿ ಹಿಗ್ಗುತ್ತದೆ, ನಿಜ. ಆದರೆ ಅದರ ವ್ಯಾಸ 2 ಮಿಲಿಮೀಟರಿನಿಂದ 8 ಮಿಲಿಮೀಟರಿಗೆ ಏರಿದರೂ ಕ್ಷೇತ್ರ ಹೆಚ್ಚುವುದು 16 ಪಟ್ಟು ಮಾತ್ರ. ಉಳಿದ ಕೆಲಸವೆಲ್ಲ ಕಣ್ಣಿನ ಹಿಂಬದಿಯಲ್ಲಿರುವ ಅಕ್ಷಿಪಟದಲ್ಲಿ ನಡೆಯಬೇಕು.

ಹಗಲಿನ ಕಣ್ಣು, ಇರುಳಿನ ಕಣ್ಣು

ಅಕ್ಷಿಪಟದಲ್ಲಿ ಬೆಳಕನ್ನು ಗ್ರಹಿಸಿ ನಮಗೆ ದೃಷ್ಟಿಯನ್ನು ಕೊಡುವ ಕೋಶಗಳು ಎರಡು ಬಗೆ. ಒಂದು ಬಗೆಯವು ಶಂಕುವಿನ ಆಕಾರದವು, ಸುಮಾರು 60 ಲಕ್ಷ. ಇನ್ನೊಂದು ಬಗೆಯವು ದಂಡದ ಆಕಾರದವು, ಸುಮಾರು 12 ಕೋಟಿ. ಶಂಕುಗಳು ಹಗಲಿನ ಕೆಲಸಗಾರರು. ಇವುಗಳಲ್ಲಿ ಮೂರು ವಿಧಗಳಿರುವುದರಿಂದಲೇ ನಮಗೆ ಬಣ್ಣಗಳ ಅರಿವುಂಟಾಗುವುದು; ಸೂಕ್ಷ್ಮವಾದ ಗೆರೆಗಳನ್ನು ಬಿಡಿಸಿ ನೋಡುವುದೂ ಇವುಗಳಿಂದಲೇ. ಆದರೆ ಇವು ಕೆಲಸ ಮಾಡಬೇಕಾದರೆ ಬೆಳಕು ಸಾಕಷ್ಟಿರಬೇಕು. ದಂಡಗಳು ಅತ್ಯಲ್ಪ ಬೆಳಕನ್ನೂ ಹಿಡಿಯುತ್ತವೆ. ಆದರೆ ಎಲ್ಲವೂ ಒಂದೇ ವಿಧದವಾದ್ದರಿಂದ ಬಣ್ಣವನ್ನು ಹೇಳಲಾರವು. ಅಲ್ಲದೆ ಅನೇಕ ದಂಡಗಳು ಸೇರಿ ಒಂದೇ ನರತಂತುವಿಗೆ ವರದಿ ಒಪ್ಪಿಸುವುದರಿಂದ ಬೆಳಕಿನ ಮೊತ್ತ ಕೂಡುತ್ತದೆ, ವಿವರ ಕಳೆದುಹೋಗುತ್ತದೆ. ಕತ್ತಲೆಗೆ ಹೊಂದಿಕೊಳ್ಳಲು ಶಂಕುಗಳಿಗೆ ಸುಮಾರು 10 ನಿಮಿಷ ಸಾಕು. ದಂಡಗಳಿಗೆ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಇಷ್ಟು ತಾಳ್ಮೆಯಿಂದ ಗಳಿಸಿದ ಇರುಳುನೋಟವನ್ನು ಎದುರಿನಿಂದ ಬಂದ ಒಂದು ಲಾರಿಯ ದೀಪ ಕೆಲವೇ ಸೆಕೆಂಡುಗಳಲ್ಲಿ ಹಾಳುಮಾಡಬಲ್ಲುದು.

ಇನ್ನೊಂದು ವಿಶೇಷವನ್ನು ಗಮನಿಸಬೇಕು. ನಾವು ಯಾವ ವಸ್ತುವನ್ನು ನೇರವಾಗಿ ದಿಟ್ಟಿಸುತ್ತೇವೆಯೋ ಅದರ ಬಿಂಬ ಅಕ್ಷಿಪಟದ ನಡುವಿನ ಒಂದು ಸಣ್ಣ ಕುಳಿಯಲ್ಲಿ ಬೀಳುತ್ತದೆ. ಆ ಕುಳಿಯ ಮಧ್ಯದಲ್ಲಿ ಶಂಕುಗಳೇ ಕಿಕ್ಕಿರಿದಿವೆ. ದಂಡಗಳಿಗೆ ಅಲ್ಲಿ ಎಡೆಯಿಲ್ಲ. ಆದುದರಿಂದ ಮಬ್ಬುಗತ್ತಲೆಯಲ್ಲಿ ನಡುನೋಟ ಕುರುಡು, ಓರೆನೋಟ ಚುರುಕು. ಖಗೋಳವನ್ನು ವೀಕ್ಷಿಸುವವರು ಮಂಕಾದ ನಕ್ಷತ್ರವನ್ನು ಕಾಣಲು ಅದರ ಪಕ್ಕಕ್ಕೆ ದೃಷ್ಟಿಯಿಡುವುದು ಈ ಕಾರಣದಿಂದ. ಕೃತ್ತಿಕಾ ಪುಂಜವನ್ನು ಹೀಗೆ ನೋಡಿದರೆ ವಾಚಕರಿಗೂ ಇದು ತಿಳಿದೀತು.

ಈಗ ನಮ್ಮ ದೆವ್ವದ ಲಕ್ಷಣಗಳನ್ನು ಒಂದೊಂದಾಗಿ ಮತ್ತೆ ಎಣಿಸೋಣ. ಕಡೆಗಣ್ಣಿಗೆ ಕಂಡದ್ದು ತಿರುಗಿ ನೋಡಿದೊಡನೆ ಮಾಯವಾಗುತ್ತದೆ: ಬಿಂಬವು ದಂಡಗಳ ಸೀಮೆಯಿಂದ ಶಂಕುಗಳ ಸೀಮೆಗೆ ಜಾರಿದಾಗ ಆಗುವುದು ಇದೇ. ಮುಖ ಅಸ್ಪಷ್ಟ: ದಂಡಗಳಿಗೆ ಕಣ್ಣು, ಮೂಗು, ಬಾಯಿಗಳಷ್ಟು ಸಣ್ಣ ವಿವರ ದಕ್ಕುವುದಿಲ್ಲ. ಪಾದ ನೆಲಕ್ಕೆ ತಾಗದು: ಬಿಳಿಯ ಸೀರೆಯ ಅಂಚು ಕಾಣುವುದೇ ಹೊರತು ಕಂದುಬಣ್ಣದ ಪಾದವು ಕಂದುಬಣ್ಣದ ಮಣ್ಣಿನಿಂದ ಬೇರೆಯಾಗಿ ತೋರುವುದಿಲ್ಲ; ಆದುದರಿಂದ ಆಕೃತಿ ತೇಲಿದಂತೆ ಭಾಸವಾಗುತ್ತದೆ. ಕಪ್ಪು ಕೂದಲು ಇರುಳಿನಲ್ಲಿ ಬೆರೆತುಹೋಗುವಾಗ ಮುಡಿದ ಮಲ್ಲಿಗೆಯೊಂದೇ ಉಳಿಯುತ್ತದೆ. ಬೆಳಗಿನ ಜಾವಕ್ಕೆ ಮುಂಚೆ ನೀರಿಗೆ ಹೊರಟ ನೆರೆಮನೆಯ ಹೆಂಗಸಿಗೂ ಈ ಲಕ್ಷಣಗಳೆಲ್ಲ ಒಪ್ಪುತ್ತವೆ.

ಕೆಂಪು ಕಪ್ಪಾಗುವ ಹೊತ್ತು

ಸೀರೆಯ ಬಣ್ಣದ ಮಾತು ಉಳಿಯಿತು. ಬೊಹೀಮಿಯಾದ ವಿಜ್ಞಾನಿ ಪುರ್ಕಿನ್ಯೆ ಎಂಬಾತ ಸುಮಾರು 200 ವರ್ಷಗಳ ಹಿಂದೆ ಒಂದು ಸಂಗತಿಯನ್ನು ಗುರುತಿಸಿ 1825ರಲ್ಲಿ ಪ್ರಕಟಿಸಿದನು. ಹಗಲಿನಲ್ಲಿ ಕೆಂಪು, ನೀಲಿ ಎರಡೂ ಸಮನಾಗಿ ಹೊಳೆಯುತ್ತಿದ್ದರೂ ಮಸುಕು ಬೆಳಕಿನಲ್ಲಿ ಕೆಂಪು ಬೇಗನೆ ಕಪ್ಪಾಗುತ್ತದೆ, ನೀಲಿ ಇನ್ನೂ ತಿಳಿಯಾಗಿ ಉಳಿಯುತ್ತದೆ. ಇದಕ್ಕೆ ಕಾರಣ ಅನಂತರ ತಿಳಿದುಬಂತು. ಹಗಲಿನ ಕಣ್ಣಿಗೆ 555 ನ್ಯಾನೋಮೀಟರ್ ಅಲೆಯುದ್ದದ ಹಳದಿ ಹಸುರು ಬೆಳಕು ಅತ್ಯಂತ ಪ್ರಕಾಶವಾಗಿ ತೋರುತ್ತದೆ. ಇರುಳಿನ ಕಣ್ಣಿಗೆ ಸುಮಾರು 505 ನ್ಯಾನೋಮೀಟರಿನ ನೀಲಿ ಹಸುರು. ಇನ್ನೂ ಉದ್ದವಾದ ಅಲೆಗಳ ಕೆಂಪಂತೂ ದಂಡಗಳಿಗೆ ಬಹುಮಟ್ಟಿಗೆ ಇಲ್ಲದ ಬಣ್ಣ. ಹೀಗಾಗಿ ಕೆಂಪು ಸೀರೆಯುಟ್ಟ ದೆವ್ವವೊಂದು ಅಮಾವಾಸ್ಯೆಯ ರಾತ್ರಿ ನಮ್ಮ ಎದುರಿಗೇ ನಿಂತರೂ ಅದನ್ನು ನೋಡಿ ಹೆದರುವ ಅವಕಾಶ ನಮಗೆ ಸಿಕ್ಕದು! ನಮ್ಮ ನಾಡಿನ ಕೆಲವು ಸಮುದಾಯಗಳಲ್ಲಿ ವಿಧವೆಯರು ಹಿಂದೆ ಕೆಂಪು ಸೀರೆಯನ್ನು ಉಡುತ್ತಿದ್ದರು. ಕತೆಯ ದೆವ್ವಕ್ಕೆ ಆ ಸೀರೆ ಹೊಂದದೆ ಬಿಳಿಯದೇ ಹೊಂದಿಕೊಂಡದ್ದು ಕೇವಲ ಸಂಪ್ರದಾಯದಿಂದ ಆದದ್ದಾಗಿರಲಾರದು.

ಈ ಮಾತನ್ನು ಯಾರೂ ಪರೀಕ್ಷಿಸಬಹುದು. ಬಿಳಿ, ಕೆಂಪು, ನೀಲಿ, ಹಸುರು ಬಟ್ಟೆಯ ತುಂಡುಗಳನ್ನು ಒಂದೇ ಅಳತೆಗೆ ಕತ್ತರಿಸಿ ಹಿತ್ತಲಿನ ಗೋಡೆಗೆ ಯಾವ ಕ್ರಮದಲ್ಲೆಂದು ತಿಳಿಯದಂತೆ ಬೇರೊಬ್ಬರಿಂದ ಹಚ್ಚಿಸಬೇಕು. ಬೀದಿದೀಪದ ಬೆಳಕು ಬೀಳದ ಕಡೆ ಅರ್ಧ ಗಂಟೆ ಕುಳಿತು, ಯಾವುದು ಯಾವ ಬಣ್ಣವೆಂದು ಬರೆದಿಡಬೇಕು. ಬಳಿಕ ಫೋನಿನ ಕ್ಯಾಮೆರಾದಿಂದ ಒಂದು ಚಿತ್ರ ತೆಗೆಯಬೇಕು. ಈಚಿನ ಫೋನುಗಳು ರಾತ್ರಿಯ ಚಿತ್ರಕ್ಕಾಗಿ ಹಲವು ಸೆಕೆಂಡುಗಳ ಬೆಳಕನ್ನು ಕೂಡಿಹಾಕುವುದರಿಂದ, ನಮಗೆ ಕಾಣದ ಬಣ್ಣಗಳು ಆ ಚಿತ್ರದಲ್ಲಿ ಕಾಣಿಸಿಕೊಳ್ಳುತ್ತವೆ. ಬಣ್ಣ ಅಲ್ಲಿಯೇ ಇತ್ತು. ಕೊರತೆ ನಮ್ಮ ಕಣ್ಣಿನದು.

ಚಲನಚಿತ್ರವೂ ವೇಷಭೂಷಣವೂ

ಚಲನಚಿತ್ರ ಬಂದಾಗ ಈ ವೇಷಕ್ಕೆ ಇನ್ನಷ್ಟು ಬಲ ಬಂತು. 1920ರ ದಶಕದ ಮೊದಲ ಭಾಗದವರೆಗೆ ಬಳಕೆಯಲ್ಲಿದ್ದ ಫಿಲ್ಮು ಕೆಂಪು ಬೆಳಕಿಗೆ ಸ್ಪಂದಿಸುತ್ತಿರಲಿಲ್ಲ. ನಟಿಯ ಕೆಂದುಟಿ ಪರದೆಯ ಮೇಲೆ ಕಪ್ಪಾಗಿ ಬೀಳುತ್ತಿತ್ತು. ಆ ಫಿಲ್ಮಿನ ದೃಷ್ಟಿ ನಮ್ಮ ದಂಡಗಳ ದೃಷ್ಟಿಯನ್ನೇ ಹೋಲುತ್ತಿತ್ತೆನ್ನಬಹುದು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' ತೆರೆಗೆ ಬಂದದ್ದು 1964ರಲ್ಲಿ. ಬಣ್ಣ ಬಂದ ಮೇಲೂ ತೆರೆಯ ಇರುಳನ್ನು ನೀಲಿಯಾಗಿ ತೋರಿಸುವ ರೂಢಿ ನಿಂತಿತು. ಅದರ ಮುಂದೆ ಬಿಳಿಯ ಸೀರೆಯೇ ಎದ್ದು ಕಾಣತಕ್ಕದ್ದು.

ಪಶ್ಚಿಮದ ರಕ್ತಪಿಶಾಚಿಯ ವೇಷ ಇದಕ್ಕೆ ವಿಪರ್ಯಾಸವಾದುದು. ಬ್ರಾಮ್ ಸ್ಟೋಕರನ 'ಡ್ರಾಕುಲಾ' ಕಾದಂಬರಿ ಪ್ರಕಟವಾದದ್ದು 1897ರಲ್ಲಿ. 1931ರ ಚಲನಚಿತ್ರದಲ್ಲಿ ಬೇಲಾ ಲುಗೋಸಿ ತೊಟ್ಟ ಕಪ್ಪು ನಿಲುವಂಗಿ ಜಗತ್ಪ್ರಸಿದ್ಧವಾಯಿತು. ಅಲ್ಲಿ ಉಡುಪು ಕತ್ತಲೆಯಲ್ಲಿ ಕರಗಿ ಬಿಳಿಚಿದ ಮುಖವೊಂದೇ ತೇಲುತ್ತದೆ. ಇಲ್ಲಿ ಮುಖ ಕರಗಿ ಉಡುಪೊಂದೇ ತೇಲುತ್ತದೆ. ಎರಡರಲ್ಲಿಯೂ ಇರುವುದು ಬೆಳಕು ನೆರಳುಗಳ ವೈದೃಶ್ಯದ ನಿಯಮವೊಂದೇ. ಕಪ್ಪು ಬಟ್ಟೆ, ಬಿಳಿಚಿದ ಮುಖ, ಕಪ್ಪು ತುಟಿಗಳ ಗಾಥ್ ಶೈಲಿ 1980ರ ದಶಕದಲ್ಲಿ ಇಂಗ್ಲೆಂಡಿನ ಸಂಗೀತಪ್ರಿಯ ತರುಣರಲ್ಲಿ ಹರಡಿದಾಗಲೂ ಮಂದ ಬೆಳಕಿನ ಸಭಾಂಗಣಗಳೇ ಅದಕ್ಕೆ ಹಿನ್ನೆಲೆಯಾದವು. 2005ರ 'ಟ್ವೈಲೈಟ್' ಕಾದಂಬರಿಯಿಂದ ಈಚೆಗೆ ಪಿಶಾಚಿಯನ್ನು ಪ್ರಣಯದ ನಾಯಕನನ್ನಾಗಿಸಿ ಹಗಲಿಗೂ ತಂದಿದ್ದಾರೆ. ನಮ್ಮಲ್ಲಿ 2004ರ 'ಆಪ್ತಮಿತ್ರ'ದ ನಾಗವಲ್ಲಿ ಬಿಳಿಯ ಸೀರೆಯನ್ನು ಬಿಟ್ಟು ನರ್ತಕಿಯ ಒಡವೆ ವಸ್ತ್ರಗಳನ್ನು ತೊಟ್ಟಳು. ಅವಳು ಕಾಣಿಸಿಕೊಳ್ಳುವುದು ದೀಪಗಳಿಂದ ಬೆಳಗಿದ ಮನೆಯೊಳಗೆ. ಶಂಕುಗಳಿಗೆ ಕೆಲಸವಿರುವಲ್ಲಿ ಬಣ್ಣಕ್ಕೂ ಬೆಲೆಯುಂಟು. ಆ ಕತೆಯಲ್ಲಿ ಬಿಕ್ಕಟ್ಟನ್ನು ಬಿಡಿಸಲು ಮನೋವೈದ್ಯನನ್ನು ಕರೆಸಿದ್ದನ್ನೂ ಮರೆಯಬಾರದು.

ಕತೆ ಕತೆಯಾಗಿರುವವರೆಗೆ ಇವೆಲ್ಲ ವಿನೋದವೇ. ಮೋಹಿನಿಯ ವೇಷ ಹಾಕಿ ಚಿತ್ರ ತೆಗೆಸಿಕೊಳ್ಳುವ ತರುಣಿಯರನ್ನು ಆಕ್ಷೇಪಿಸಲು ಕಾರಣವಿಲ್ಲ. ಬಿಳಿಯ ಬಟ್ಟೆಯುಟ್ಟು ರಾತ್ರಿ ರಸ್ತೆಯಂಚಿನಲ್ಲಿ ನಡೆಯುವವರು ವಾಹನ ನಡೆಸುವವನ ಕಣ್ಣಿಗೆ ಬೇಗ ಬೀಳುತ್ತಾರೆಂಬ ಲಾಭವೂ ಉಂಟು. ಭತ್ತದ ಗದ್ದೆ, ಕಬ್ಬಿನ ತೋಟ, ನಾಲೆಗಳ ನಡುವೆ ರಾತ್ರಿ ನೀರು ಕಟ್ಟಲು ಹೋಗುವ ಈ ಕಾವೇರಿ ಸೀಮೆಯ ರೈತರು ಇದನ್ನು ನೆನಪಿಡುವುದು ಲೇಸು.

ಇರುಳುಗುರುಡು

ಆದರೆ ಭಯವು ಕತೆಯನ್ನು ದಾಟಿ ಮನೆಯೊಳಗೆ ಬಂದಾಗ ಅನರ್ಥವಾಗುತ್ತದೆ. ದಂಡಗಳೊಳಗೆ ಬೆಳಕನ್ನು ಹೀರುವ ರೋಡಾಪ್ಸಿನ್ ಎಂಬ ವರ್ಣದ್ರವ್ಯವುಂಟು. ಅದರ ತಯಾರಿಕೆಗೆ ಎ ಜೀವಸತ್ವ ಬೇಕೇ ಬೇಕು. ಆಹಾರದಲ್ಲಿ ಅದು ಸಾಲದೆ ಹೋದರೆ ಮೊದಲು ಸೋಲುವುದು ಇರುಳಿನ ಕಣ್ಣು. ಹಗಲೆಲ್ಲ ಚೆನ್ನಾಗಿ ಆಡಿದ ಮಗು ಮುಸ್ಸಂಜೆಯಾದೊಡನೆ ಹೊಸಲನ್ನು ಎಡವುತ್ತದೆ, ತಟ್ಟೆಗಾಗಿ ತಡಕಾಡುತ್ತದೆ, ಹೊರಗೆ ಹೋಗಲು ಅಳುತ್ತದೆ. ಇದನ್ನು ಕಂಡು 'ಮಗುವಿಗೆ ಗಾಳಿ ಸೋಕಿದೆ' ಎಂದು ಮಂತ್ರವಾದಿಯ ಬಳಿಗೆ ಒಯ್ದರೆ ಅಮೂಲ್ಯವಾದ ದಿನಗಳು ನಷ್ಟವಾಗುತ್ತವೆ. ಕೊರತೆ ಮುಂದುವರಿದರೆ ಕಪ್ಪುಗುಡ್ಡೆಯೇ ಹುಣ್ಣಾಗಿ ಮಗು ಶಾಶ್ವತವಾಗಿ ಕುರುಡಾದೀತು. ನುಗ್ಗೆಯ ಸೊಪ್ಪು, ದಂಟಿನ ಸೊಪ್ಪು, ಪರಂಗಿಹಣ್ಣು, ಮಾವಿನಹಣ್ಣು, ಹಾಲು, ಮೊಟ್ಟೆಗಳು ಈ ಜೀವಸತ್ವವನ್ನು ಒದಗಿಸುತ್ತವೆ. ಮಕ್ಕಳಿಗೆ 9ನೆಯ ತಿಂಗಳಿನಿಂದ 5 ವರ್ಷ ತುಂಬುವವರೆಗೆ ಒಟ್ಟು 9 ಬಾರಿ ಎ ಜೀವಸತ್ವದ ದ್ರಾವಣವನ್ನು ಕುಡಿಸುವ ಸರ್ಕಾರಿ ಏರ್ಪಾಡೂ ಇದೆ. ಇರುಳುಗುರುಡಿಗೆ ಅಕ್ಷಿಪಟದ ಆನುವಂಶಿಕ ರೋಗ ಮೊದಲಾದ ಬೇರೆ ಕಾರಣಗಳೂ ಉಂಟಾದ್ದರಿಂದ ವೈದ್ಯರ ಪರೀಕ್ಷೆ ಅಗತ್ಯ.

ದೆವ್ವ ಬಿಡಿಸುವ ನೆಪದಲ್ಲಿ ಮನುಷ್ಯರನ್ನು ಹೊಡೆದು ಹಿಂಸಿಸುವುದು ಕರ್ನಾಟಕದಲ್ಲಿ ಅಪರಾಧ. ಅಮಾನವೀಯ ಆಚರಣೆಗಳನ್ನೂ ವಾಮಾಚಾರವನ್ನೂ ತಡೆಯುವ 2017ರ ಅಧಿನಿಯಮವು 2020ರಲ್ಲಿ ಜಾರಿಗೆ ಬಂದಿದೆ. ಶಾಸನ ತನ್ನ ಕೆಲಸವನ್ನು ಮಾಡಲಿ. ಮನೆಯಲ್ಲಿ ನಾವು ಮಾಡಬಹುದಾದ ಕೆಲಸ ಇನ್ನೂ ಸುಲಭವಾದುದು. ಕತ್ತಲೆಯಲ್ಲಿ ಬಿಳಿಯದೇನನ್ನೋ ಕಂಡು ಹೆದರಿ ಬಂದ ಮಗುವಿಗೆ 'ಸುಳ್ಳು ಹೇಳುತ್ತೀಯೆ' ಎಂದು ಗದರಿಸಬಾರದು. ಅದು ಕಂಡದ್ದು ನಿಜವೇ ಇರಬಹುದು. ಅದರ ಕೈ ಹಿಡಿದುಕೊಂಡು ಹೋಗಿ, ಕಂಡದ್ದು ಏನೆಂದು ದೀಪ ಹಾಕಿ ತೋರಿಸಬೇಕು. ಅದೇ ಮಗು ದಿನವೂ ಸಂಜೆ ಎಡವುತ್ತಿದ್ದರೆ ಮರುದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು.