ಹಾಲನ್ನೂ ತೊರೆದವರ ಊಟ

ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಆಶ್ರಮದಲ್ಲಿದ್ದಾಗ, ೧೯೧೨ರಲ್ಲಿ, ಗಾಂಧೀಜಿಯವರು ಹಾಲನ್ನು ತ್ಯಜಿಸಿದರು. ಮುಂದೆ ಭಾರತಕ್ಕೆ ಬಂದು ೧೯೧೮-೧೯ರಲ್ಲಿ ಆಮಶಂಕೆಯಿಂದ ಬಳಲಿ ಹಾಸಿಗೆ ಹಿಡಿದಾಗ ವೈದ್ಯರು ಹಾಲು ಕುಡಿಯಲೇಬೇಕೆಂದರು. ವ್ರತ ಕೈಗೊಂಡಾಗ ತಮ್ಮ ಮನಸ್ಸಿನಲ್ಲಿದ್ದುದು ಹಸು ಎಮ್ಮೆಗಳ ಹಾಲು ಮಾತ್ರ ಎಂದುಕೊಂಡು, ಕಸ್ತೂರಬಾ ಅವರ ಸಲಹೆಯಂತೆ, ಅವರು ಆಡಿನ ಹಾಲಿಗೆ ಒಪ್ಪಿದರು. ಈ ರಾಜಿ ಅವರನ್ನು ಎಷ್ಟು ನೋಯಿಸಿತೆಂಬುದನ್ನು ಆತ್ಮಕಥೆಯನ್ನು ಓದಿದವರು ಬಲ್ಲರು. ಹಾಲಿಗೆ ಸಮನಾದ ಸಸ್ಯಾಹಾರವೊಂದನ್ನು ಯಾರಾದರೂ ತೋರಿಸಿಕೊಟ್ಟಾರೆಯೆ ಎಂದು ಅವರು ಬಹುಕಾಲ ಹುಡುಕಿದರು. ಆ ಪ್ರಶ್ನೆಗೆ ಉತ್ತರವೀಯಬಲ್ಲಷ್ಟು ಆಹಾರವಿಜ್ಞಾನ ಆಗ ಬೆಳೆದಿರಲಿಲ್ಲ. ಇಂದು ಬೆಳೆದಿದೆ.

ನಮ್ಮಲ್ಲಿ ಸಸ್ಯಾಹಾರಿಯೆಂದರೆ ಮಾಂಸ, ಮೀನು, ಮೊಟ್ಟೆಗಳನ್ನು ತಿನ್ನದವನೆಂದು ಅರ್ಥ. ಹಾಲು, ಮೊಸರು, ತುಪ್ಪ ಅವನಿಗೆ ವರ್ಜ್ಯವಲ್ಲ. ಇವುಗಳನ್ನೂ, ಜೇನನ್ನೂ ಬಿಟ್ಟು ಕೇವಲ ಸಸ್ಯಮೂಲದ ಆಹಾರವನ್ನೇ ಉಣ್ಣುವವರನ್ನು 'ವೀಗನ್' ಎಂದು ಕರೆಯುತ್ತಾರೆ. ಇಂಗ್ಲೆಂಡಿನ ಲೆಸ್ಟರ್ ನಗರದ ಮರಗೆಲಸದ ಉಪಾಧ್ಯಾಯ ಡೊನಾಲ್ಡ್ ವಾಟ್ಸನ್ ಮತ್ತು ಅವನ ಕೆಲವು ಸಂಗಡಿಗರು ೧೯೪೪ರ ನವೆಂಬರಿನಲ್ಲಿ ವೀಗನ್ ಸೊಸೈಟಿಯನ್ನು ಸ್ಥಾಪಿಸಿದರು. 'ವೆಜಿಟೇರಿಯನ್' ಎಂಬ ಇಂಗ್ಲಿಷ್ ಪದದ ಮೊದಲ ಮೂರು ಮತ್ತು ಕೊನೆಯ ಎರಡು ಅಕ್ಷರಗಳನ್ನು ಕೂಡಿಸಿ ಆ ಹೆಸರನ್ನು ಕಟ್ಟಲಾಯಿತು. ಇಂತಹ ಊಟದಿಂದ ಆರೋಗ್ಯ ಕೆಡುವುದೆಂದು ಹಲವರು ಎಚ್ಚರಿಸುತ್ತಿದ್ದರಂತೆ; ವಾಟ್ಸನ್ ೨೦೦೫ರಲ್ಲಿ ತೀರಿಕೊಂಡಾಗ ಅವನಿಗೆ ೯೫ ವರ್ಷ. ಒಬ್ಬ ಮನುಷ್ಯನ ದೀರ್ಘಾಯುಷ್ಯ ವಿಜ್ಞಾನದಲ್ಲಿ ಸಾಕ್ಷ್ಯವಾಗದು. ಆದುದರಿಂದ ಹಾಲನ್ನು ಬಿಟ್ಟಾಗ ದೇಹಕ್ಕೆ ಏನೇನು ತಪ್ಪಿಹೋಗುವುದು, ಅದು ಬೇರೆಲ್ಲಿ ದೊರೆಯುವುದು ಎಂಬುದನ್ನು ಒಂದೊಂದಾಗಿ ನೋಡಬೇಕು.

ಎಲ್ಲರೂ ಮೊದಲು ಕೇಳುವುದು ಸಸಾರಜನಕ, ಎಂದರೆ ಪ್ರೋಟೀನಿನ ವಿಚಾರ. ಪ್ರೋಟೀನುಗಳು ಸುಮಾರು ೨೦ ಬಗೆಯ ಅಮೈನೊ ಆಮ್ಲಗಳ ಜೋಡಣೆಯಿಂದಾದವು. ಇವುಗಳಲ್ಲಿ ಒಂಬತ್ತನ್ನು ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾರದು. ಅವು ಆಹಾರದಿಂದಲೇ ಬರಬೇಕು. ಅಚ್ಚುಕೂಟದಲ್ಲಿ 'ಲ' ಅಕ್ಷರದ ಮೊಳೆಗಳು ಕಡಮೆಯಿದ್ದರೆ, ಉಳಿದ ಮೊಳೆಗಳು ರಾಶಿರಾಶಿಯಾಗಿದ್ದರೂ 'ಲ'ಕಾರವುಳ್ಳ ಪದಗಳನ್ನು ಜೋಡಿಸುವುದು ನಿಂತುಹೋಗುವುದಷ್ಟೆ. ದೇಹದ ಸ್ಥಿತಿಯೂ ಹಾಗೆಯೇ. ಅಕ್ಕಿ, ಗೋಧಿ, ಜೋಳಗಳಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಕಡಮೆ. ತೊಗರಿ, ಹೆಸರು, ಹುರುಳಿ, ಅವರೆಗಳಲ್ಲಿ ಲೈಸೀನ್ ಧಾರಾಳ. ಆದರೆ ಮಿಥಿಯೊನೀನ್ ಸಾಲದು. ಅದು ಧಾನ್ಯಗಳಲ್ಲಿದೆ, ರಾಗಿಯಲ್ಲಂತೂ ಸಾಕಷ್ಟಿದೆ. ಹೀಗೆ ಮುದ್ದೆಯ ಕೊರತೆಯನ್ನು ಹುರುಳಿಸಾರು ತುಂಬುತ್ತದೆ, ಸಾರಿನ ಕೊರತೆಯನ್ನು ಮುದ್ದೆ ತುಂಬುತ್ತದೆ. ಇವೆರಡನ್ನೂ ಒಂದೇ ತುತ್ತಿನಲ್ಲಿ ತಿನ್ನಬೇಕೆಂದೇನೂ ಇಲ್ಲ. ಒಂದು ದಿನದೊಳಗೆ ಎರಡೂ ಹೊಟ್ಟೆ ಸೇರಿದರೆ ಸಾಕು.

ಲೆಕ್ಕ ಹಾಕಿಯೇ ನೋಡೋಣ. ವಯಸ್ಕರಿಗೆ ದೇಹದ ತೂಕದ ಒಂದು ಕಿಲೋಗ್ರಾಮಿಗೆ ೦.೮೩ ಗ್ರಾಮಿನಂತೆ ದಿನಕ್ಕೆ ಪ್ರೋಟೀನು ಬೇಕು. ೬೦ ಕಿಲೋಗ್ರಾಂ ತೂಗುವವನಿಗೆ ಇದು ಸುಮಾರು ೫೦ ಗ್ರಾಂ ಆಗುವುದು. ೨೦೦ ಗ್ರಾಂ ಅಕ್ಕಿಯಿಂದ ೧೪ ಗ್ರಾಂ, ೧೫೦ ಗ್ರಾಂ ರಾಗಿಯಿಂದ ೧೦ ಗ್ರಾಂ, ೮೦ ಗ್ರಾಂ ಬೇಳೆಕಾಳುಗಳಿಂದ ೧೭ ಗ್ರಾಂ, ೩೦ ಗ್ರಾಂ ಕಡಲೆಕಾಯಿ ಬೀಜದಿಂದ ೭ ಗ್ರಾಂ—ಇಷ್ಟಕ್ಕೇ ೪೮ ಗ್ರಾಂ ಆಯಿತು. ತರಕಾರಿ, ತೆಂಗಿನಕಾಯಿಗಳನ್ನು ಇನ್ನೂ ಸೇರಿಸಿಲ್ಲ. ಆದರೆ ಈ ಲೆಕ್ಕ ನಿಂತಿರುವುದು ೮೦ ಗ್ರಾಂ ಬೇಳೆಕಾಳಿನ ಮೇಲೆ. ಬೇಳೆಯನ್ನು ಹುಡುಕಿ ತೆಗೆಯಬೇಕಾದಂತಹ ನೀರುಸಾರನ್ನು ಉಂಡು, ಮೇಲೆ ಮಜ್ಜಿಗೆಯನ್ನೂ ಬಿಟ್ಟವನಿಗೆ ಕೊರತೆ ತಪ್ಪದು.

ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಎರಡನೆಯದು. ಇಲ್ಲಿ ಕನ್ನಡನಾಡಿನವರು ಭಾಗ್ಯವಂತರು. ೧೦೦ ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು ೧೨೦ ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಇದೆ. ಸಿಪ್ಪೆ ತೆಗೆಯದ ಎಳ್ಳಿನಲ್ಲಿ ಸಾವಿರಕ್ಕೂ ಮಿಗಿಲು. ಅಂಕಿಗಳನ್ನು ನೋಡಿ ಮರುಳಾಗುವ ಮುನ್ನ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ತಿಂದುದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಹಾಲಿನ ಕ್ಯಾಲ್ಸಿಯಮಿನಲ್ಲಿ ಹೆಚ್ಚುಕಡಮೆ ಮೂರರಲ್ಲೊಂದು ಪಾಲು ಹೀರಲ್ಪಡುತ್ತದೆ. ಪಾಲಕ್ ಸೊಪ್ಪಿನಲ್ಲಿ ಆಕ್ಸಲಿಕ್ ಆಮ್ಲ ವಿಪುಲವಾಗಿರುವುದರಿಂದ ಇಪ್ಪತ್ತರಲ್ಲೊಂದು ಪಾಲೂ ಕಷ್ಟ. ರಾಗಿಯಲ್ಲಿರುವ ಫೈಟಿಕ್ ಆಮ್ಲವೂ ಕ್ಯಾಲ್ಸಿಯಂ, ಕಬ್ಬಿಣಗಳನ್ನು ಹಿಡಿದಿಟ್ಟುಕೊಳ್ಳುವುದು. ಕಾಳು ಮೊಳೆತಾಗ ಫೈಟೇಸ್ ಎಂಬ ಕಿಣ್ವ ಈ ಆಮ್ಲವನ್ನು ಒಡೆಯುತ್ತದೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡುವ ನಮ್ಮ ಅಜ್ಜಿಯರಿಗೆ ಕಿಣ್ವದ ಹೆಸರು ತಿಳಿದಿರಲಿಲ್ಲ, ಅಷ್ಟೆ. ಕಬ್ಬಿಣಕ್ಕೆ ಇನ್ನೊಂದು ಉಪಾಯವುಂಟು: ಊಟದೊಡನೆ ನಿಂಬೆಯ ಹುಳಿಯೋ ನೆಲ್ಲಿಕಾಯಿಯೋ ಇರಲಿ, ಕಾಫಿ ಚಹಗಳು ಒಂದು ಗಂಟೆ ದೂರವಿರಲಿ.

ಇನ್ನು ಅಡುಗೆಮನೆ. ಹಾಲಿನ ಬದಲು ತೆಂಗಿನಹಾಲನ್ನು ಬಳಸುವವರು ಒಂದು ವಿಷಯದಲ್ಲಿ ಎಡವುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ತೆಂಗಿನಹಾಲಿನಲ್ಲಿ ಕೊಬ್ಬು ವಿಶೇಷ, ಪ್ರೋಟೀನು ಅತ್ಯಲ್ಪ. ಪಾಯಸಕ್ಕೆ ಅದು ಬಲು ಸೊಗಸು. ಆದರೆ ಅಡುಗೆಯಲ್ಲಿ ಅದು ತುಂಬುವುದು ತುಪ್ಪದ ಸ್ಥಾನವನ್ನೇ ಹೊರತು ಹಾಲಿನ ಸ್ಥಾನವನ್ನಲ್ಲ. ಹೆಪ್ಪು ಹಾಕಿದರೆ ಅದು ಗಟ್ಟಿಮೊಸರಾಗದಿರುವುದಕ್ಕೂ ಇದೇ ಕಾರಣ. ಮೊಸರಾಗುವುದೆಂದರೆ, ಬ್ಯಾಕ್ಟೀರಿಯಗಳು ಉಂಟುಮಾಡಿದ ಹುಳಿಯಿಂದ ಪ್ರೋಟೀನು ಹೆಪ್ಪುಗಟ್ಟಿ ಬಲೆಯಂತಾಗಿ ನೀರನ್ನು ಹಿಡಿದುಕೊಳ್ಳುವುದು. ಪ್ರೋಟೀನೇ ಇಲ್ಲದಿದ್ದರೆ ಬಲೆಯನ್ನು ಹೆಣೆಯುವುದೆಂತು? ಕಡಲೆಕಾಯಿ ಬೀಜವನ್ನೋ ಸೋಯಾ ಅವರೆಯನ್ನೋ ನೆನೆಸಿ, ರುಬ್ಬಿ, ಸೋಸಿ, ಕಾಯಿಸಿದ ಹಾಲಿನಲ್ಲಿ ಪ್ರೋಟೀನು ಇದೆ. ಆದುದರಿಂದ ಅದು ಹೆಪ್ಪುಗಟ್ಟುತ್ತದೆ. ಇದು ಹೊಸ ಶೋಧವೇನಲ್ಲ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ ೧೯೫೦ರಲ್ಲಿ ಆರಂಭವಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ಕಡಲೆಕಾಯಿಯ ಹಾಲಿನ ಮೇಲೆ ಬಹಳ ಕೆಲಸ ಮಾಡಿದರು. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮುಕ್ಕಾಲು ಪಾಲು, ಹುರಿಗಡಲೆಯ ಹಿಟ್ಟು ಕಾಲು ಪಾಲು ಸೇರಿಸಿ, ಜೀವಸತ್ವಗಳನ್ನೂ ಸುಣ್ಣದ ಅಂಶವನ್ನೂ ಬೆರೆಸಿ ಅವರು ರೂಪಿಸಿದ 'ಬಹೂಪಯೋಗಿ ಆಹಾರ' ಅಪೌಷ್ಟಿಕತೆಯಿಂದ ಬಳಲುವ ಮಕ್ಕಳಿಗಾಗಿ ಆದದ್ದು. ಹಾಲಿನ ಅಭಾವವನ್ನು ನೀಗುವುದು ಅವರ ಉದ್ದೇಶವಾಗಿತ್ತು, ಹಾಲನ್ನು ತ್ಯಜಿಸುವುದಲ್ಲ; ಆದರೆ ವಿದ್ಯೆ ಒಂದೇ.

ಇಲ್ಲಿಯವರೆಗೆ ಹೇಳಿದ ಕೊರತೆಗಳೆಲ್ಲ ಹೊಲ ತೋಟಗಳಿಂದಲೇ ನೀಗುವಂಥವು. ಹಾಗೆ ನೀಗದ ಒಂದು ವಸ್ತುವಿದೆ. ಅದು ಬಿ-೧೨ ಎಂಬ ಜೀವಸತ್ವ. ಇದರ ಕಥೆಯನ್ನು ತುಸು ವಿಸ್ತಾರವಾಗಿಯೇ ಹೇಳಬೇಕು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ 'ಮಾರಕ ರಕ್ತಹೀನತೆ' ಎಂಬ ಕಾಯಿಲೆ ತಗುಲಿದವರು ಬದುಕುವ ಆಸೆಯನ್ನೇ ಬಿಡಬೇಕಾಗಿತ್ತು. ರಕ್ತ ಕಳೆದುಕೊಂಡ ನಾಯಿಗಳಿಗೆ ಪಿತ್ತಜನಕಾಂಗವನ್ನು ತಿನ್ನಿಸಿದರೆ ಬೇಗ ಚೇತರಿಸಿಕೊಳ್ಳುವುದನ್ನು ಅಮೆರಿಕದ ಜಾರ್ಜ್ ವಿಪಲ್ ಕಂಡಿದ್ದನು. ಅದನ್ನು ಅನುಸರಿಸಿ ೧೯೨೬ರಲ್ಲಿ ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು ರೋಗಿಗಳಿಗೆ ದಿನವೂ ಪಿತ್ತಜನಕಾಂಗವನ್ನು ತಿನ್ನಲು ಕೊಟ್ಟು ಬದುಕಿಸಿದರು. ೧೯೩೪ರಲ್ಲಿ ಮೂವರಿಗೂ ನೊಬೆಲ್ ಪಾರಿತೋಷಕ ಬಂದಿತು. ಪಿತ್ತಜನಕಾಂಗದಲ್ಲಿದ್ದ ಆ ಸಂಜೀವಿನಿ ೧೯೪೮ರಲ್ಲಿ ಅಮೆರಿಕ, ಇಂಗ್ಲೆಂಡುಗಳ ಪ್ರಯೋಗಶಾಲೆಗಳಲ್ಲಿ ಬೇರೆಬೇರೆಯಾಗಿ ಕೆಂಪು ಹರಳುಗಳ ರೂಪದಲ್ಲಿ ಕೈಸೇರಿತು. ಅದರ ನಡುವೆ ಕೋಬಾಲ್ಟ್ ಎಂಬ ಲೋಹದ ಒಂದು ಪರಮಾಣು ಕುಳಿತಿದೆ. ಇಷ್ಟು ಜಟಿಲವಾದ ಅಣುವಿನ ರಚನೆಯನ್ನು ಕ್ಷಕಿರಣಗಳ ಸಹಾಯದಿಂದ ಬಿಡಿಸಿದ ಡೊರೊಥಿ ಹಾಡ್ಜ್‌ಕಿನ್ ಅವರಿಗೆ ೧೯೬೪ರಲ್ಲಿ ನೊಬೆಲ್ ದೊರೆಯಿತು.

ವೀಗನ್ ಸೊಸೈಟಿ ಹುಟ್ಟಿದ್ದು ೧೯೪೪ರಲ್ಲಿ, ಬಿ-೧೨ ದೊರೆತದ್ದು ೧೯೪೮ರಲ್ಲಿ ಎಂಬುದನ್ನು ವಾಚಕರು ಗಮನಿಸಿರಬಹುದು. ನಡುವಣ ನಾಲ್ಕು ವರ್ಷ ಆ ಮಂದಿ ತಮ್ಮ ಊಟದಲ್ಲಿ ಏನಿಲ್ಲವೆಂಬುದನ್ನು ತಿಳಿಯುವ ಸಾಧ್ಯತೆಯೇ ಇರಲಿಲ್ಲ.

ಈ ಜೀವಸತ್ವವನ್ನು ತಯಾರಿಸುವ ಶಕ್ತಿ ಗಿಡಗಳಿಗೂ ಇಲ್ಲ, ಪ್ರಾಣಿಗಳಿಗೂ ಇಲ್ಲ. ಕೆಲವು ಬ್ಯಾಕ್ಟೀರಿಯ ಮೊದಲಾದ ಸೂಕ್ಷ್ಮಾಣುಗಳಿಗೆ ಮಾತ್ರ ಉಂಟು. ಹಸುವಿನ ಮೊದಲ ಹೊಟ್ಟೆಯಲ್ಲಿ ವಾಸಿಸುವ ಸೂಕ್ಷ್ಮಾಣುಗಳು ಅದನ್ನು ತಯಾರಿಸುತ್ತವೆ. ಅದು ಹಸುವಿನ ರಕ್ತಕ್ಕೂ, ಅಲ್ಲಿಂದ ಹಾಲಿಗೂ ಬರುತ್ತದೆ. ನಮ್ಮ ದೊಡ್ಡಕರುಳಿನಲ್ಲಿಯೂ ಅಂತಹ ಬ್ಯಾಕ್ಟೀರಿಯಗಳಿವೆ. ಆದರೆ ಬಿ-೧೨ ಹೀರಲ್ಪಡುವುದು ಸಣ್ಣಕರುಳಿನ ಕೊನೆಯ ಭಾಗದಲ್ಲಿ. ದೊಡ್ಡಕರುಳು ಅದರ ಮುಂದಿನದು. ಬಸ್ಸು ಹೊರಟುಹೋದ ಮೇಲೆ ನಿಲ್ದಾಣಕ್ಕೆ ಬಂದ ಪ್ರಯಾಣಿಕನಂತೆ, ಅಲ್ಲಿ ತಯಾರಾದದ್ದು ವ್ಯರ್ಥವಾಗಿ ಹೊರಬೀಳುವುದು. ಇಡ್ಲಿ ದೋಸೆಗಳ ಹಿಟ್ಟು ಹುದುಗುವುದರಿಂದ ಬಿ-೧೨ ಸಿಕ್ಕುವುದೆಂಬ ನಂಬಿಕೆಯೊಂದಿದೆ, ಅದನ್ನು ನೆಚ್ಚಬಾರದು. ಸ್ಪಿರುಲಿನ ಎಂಬ ಪಾಚಿಯಲ್ಲಿ ಕಾಣುವುದು ಬಹುಮಟ್ಟಿಗೆ ಬಿ-೧೨ರ ವೇಷ ಧರಿಸಿದ ಬೇರೊಂದು ವಸ್ತು. ಮನುಷ್ಯನಿಗೆ ಅದು ಉಪಯೋಗಕ್ಕೆ ಬಾರದು.

ಬೇಕಾದುದಾದರೂ ಎಷ್ಟು? ದಿನಕ್ಕೆ ಎರಡರಿಂದ ಎರಡೂವರೆ ಮೈಕ್ರೋಗ್ರಾಂ—ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಎರಡು ಪಾಲು. ಆರೋಗ್ಯವಂತನ ದೇಹದಲ್ಲಿ ಎರಡರಿಂದ ಐದು ಮಿಲಿಗ್ರಾಂ ಸಂಗ್ರಹವಿರುತ್ತದೆ, ಬಹುಪಾಲು ಪಿತ್ತಜನಕಾಂಗದಲ್ಲಿ. ಮೋಸವಾಗುವುದು ಇಲ್ಲಿಯೇ. ಹಾಲು ಬಿಟ್ಟವನು ಒಂದು ವರ್ಷ, ಎರಡು ವರ್ಷ ಚೆನ್ನಾಗಿಯೇ ಇರುತ್ತಾನೆ. ನನಗೇನೂ ಆಗಿಲ್ಲವೆಂದು ಎಲ್ಲರಿಗೂ ಹೇಳಿಕೊಳ್ಳುತ್ತಾನೆ. ಗಂಟು ಕರಗುತ್ತಿರುವುದು ಗೊತ್ತಾಗುವುದಿಲ್ಲ. ಸೊಪ್ಪು, ಕಾಳುಗಳಲ್ಲಿ ಫೋಲಿಕ್ ಆಮ್ಲ ಹೇರಳವಾಗಿರುವುದರಿಂದ ರಕ್ತಹೀನತೆಯೂ ಮರೆಯಾಗಿರಬಹುದು. ಕೊನೆಗೆ ಕೈಕಾಲುಗಳಲ್ಲಿ ಜುಮುಗುಟ್ಟುವಿಕೆ, ನಡಗೆಯಲ್ಲಿ ತೂರಾಟ, ಮರೆವು ಕಾಣಿಸಿಕೊಳ್ಳುತ್ತವೆ. ನರಗಳಿಗೆ ಆದ ಹಾನಿ ಬಹುಕಾಲ ಉಳಿದರೆ ಪೂರ್ತಿ ಸರಿಹೋಗದಿರುವುದೂ ಉಂಟು.

ಇದಕ್ಕಿಂತ ಕರುಣಾಜನಕವಾದುದು ಎಳೆಯ ಮಕ್ಕಳ ಸ್ಥಿತಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ೧೯೬೨ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಂತಹ ಕೆಲವು ಕೂಸುಗಳನ್ನು ವರ್ಣಿಸಿದರು. ಬಿ-೧೨ ಕೊರತೆಯುಳ್ಳ ತಾಯಂದಿರ ಮೊಲೆಹಾಲನ್ನು ಕುಡಿದು ಬೆಳೆದ ಆ ಶಿಶುಗಳು ಮಂಕಾಗಿದ್ದವು, ಕಲಿತಿದ್ದ ಆಟಗಳನ್ನು ಮರೆತಿದ್ದವು, ಚರ್ಮ ಕಪ್ಪಗಾಗಿತ್ತು, ಕೈಕಾಲು ತಾವಾಗಿಯೇ ಅದುರುತ್ತಿದ್ದವು. ಬಿ-೧೨ ಕೊಟ್ಟೊಡನೆ ಚೇತರಿಕೆ ಕಾಣಿಸಿತು. ತಾಯಿಯ ಊಟದಲ್ಲಿ ಇಲ್ಲದುದು ಮಗುವಿನ ಮೆದುಳಿಗೆ ತಗುಲಿತ್ತು. ಹಾಲು ಬಿಟ್ಟ ಗರ್ಭಿಣಿಯರೂ ಬಾಣಂತಿಯರೂ ಈ ಒಂದು ವಿಷಯದಲ್ಲಿ ಉದಾಸೀನ ಮಾಡುವಂತಿಲ್ಲ.

ಪರಿಹಾರ ಮಾತ್ರ ಬಹಳ ಸುಲಭ, ಅಗ್ಗವೂ ಹೌದು. ಇಂದು ಔಷಧದಂಗಡಿಯಲ್ಲಿ ದೊರೆಯುವ ಬಿ-೧೨ ಪಿತ್ತಜನಕಾಂಗದಿಂದ ತೆಗೆದುದಲ್ಲ. ಬ್ಯಾಕ್ಟೀರಿಯಗಳನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ ಪಡೆದದ್ದು. ಜಠರ ಸ್ರವಿಸುವ ವಿಶೇಷ ಪ್ರೋಟೀನೊಂದು ಬಿ-೧೨ನ್ನು ಕರುಳಿಗೆ ಸಾಗಿಸುವುದು. ಅದು ಒಂದು ಸಲಕ್ಕೆ ಎರಡು ಮೈಕ್ರೋಗ್ರಾಮಿಗಿಂತ ಹೆಚ್ಚು ಹೊರಲಾರದು. ಮಿಕ್ಕುದರಲ್ಲಿ ನೂರಕ್ಕೆ ಒಂದರಷ್ಟು ತಾನಾಗಿ ಒಸರಿಕೊಂಡು ಒಳಸೇರುವುದು. ಆದುದರಿಂದಲೇ ದಿನಕ್ಕೆ ೧೦ ಮೈಕ್ರೋಗ್ರಾಂ ಅಥವಾ ವಾರಕ್ಕೊಮ್ಮೆ ೨,೦೦೦ ಮೈಕ್ರೋಗ್ರಾಂ ಎಂದು ವೀಗನ್ ಸೊಸೈಟಿ ಸೂಚಿಸುತ್ತದೆ. ಎರಡು ಅಂಕಿಗಳ ನಡುವಣ ಅಗಾಧ ಅಂತರವನ್ನು ಕಂಡು ಬೆರಗಾಗಬೇಕಿಲ್ಲ.

ಹೋಟೆಲಿನ ವಿಚಾರಕ್ಕೆ ಬರೋಣ. ಇಡ್ಲಿ, ಉದ್ದಿನವಡೆ, ಚಿತ್ರಾನ್ನ, ಪುಳಿಯೋಗರೆ, ಕೋಸಂಬರಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಳಲ್ಲಿ ಸಾಮಾನ್ಯವಾಗಿ ಹಾಲಿನ ಸೋಂಕಿಲ್ಲ. ರವೆ ಇಡ್ಲಿಗೆ ಮೊಸರು ಬೇಕು. ಖಾರಾಬಾತು, ಕೇಸರಿಬಾತು, ಬಿಸಿಬೇಳೆಬಾತುಗಳಿಗೆ ತುಪ್ಪ ಬೀಳುವುದು. ದೋಸೆಯ ಮೇಲೆ ಬೆಣ್ಣೆ. ಒಬ್ಬಟ್ಟಿನ ಹೂರಣ ಬೇಳೆ ಬೆಲ್ಲಗಳದೇ, ತೊಂದರೆ ಬರುವುದು ಎಲೆಗೆ ಬಡಿಸುವಾಗ. "ತುಪ್ಪ ಬೇಡಿ, ಎಣ್ಣೆಯಲ್ಲೇ ಮಾಡಿಕೊಡಿ" ಎಂದು ಮೊದಲೇ ಹೇಳಿದರೆ ಬಹುಮಟ್ಟಿಗೆ ಕೆಲಸ ಆಗುವುದು. ಕಾಫಿಯ ವಿಷಯದಲ್ಲಿ ಮಾತ್ರ ಮನಸ್ಸನ್ನು ಗಟ್ಟಿಮಾಡಿಕೊಳ್ಳಬೇಕು! ಪೊಟ್ಟಣದ ತಿಂಡಿಗಳ ಮೇಲಿನ ಹಸಿರು ಚುಕ್ಕೆ ಹಾಲಿಲ್ಲವೆಂಬುದಕ್ಕೆ ಗುರುತಲ್ಲ. ಅದಕ್ಕಾಗಿಯೇ ೨೦೨೨ರಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಪ್ರತ್ಯೇಕ ನಿಯಮಗಳನ್ನೂ ಚಿಹ್ನೆಯನ್ನೂ ಹೊರಡಿಸಿತು. ಕರಿದ ತಿಂಡಿ, ಸಕ್ಕರೆ, ಮೈದಾಗಳಲ್ಲಿ ಪ್ರಾಣಿಮೂಲದ್ದು ಇಲ್ಲದಿರಬಹುದು, ಆರೋಗ್ಯವೂ ಇಲ್ಲ.

ವ್ಯಾಯಾಮ ಮಾಡುವ ತರುಣರು ಕೇಳುವ ಪ್ರಶ್ನೆ ಬೇರೆ. ಗರಡಿಮನೆಯ ಪೈಲ್ವಾನರು ಹಾಲು, ತುಪ್ಪ, ಬಾದಾಮಿಗಳಿಂದ ಮೈಬೆಳೆಸಿದವರು. ಅವಿಲ್ಲದೆ ಕಸುವು ಬಂದೀತೆ? ಕ್ಯಾಲಿಫೋರ್ನಿಯದ ಪರ್ವತಗಳಲ್ಲಿ ನಡೆಯುವ ನೂರು ಮೈಲಿಗಳ ಓಟವನ್ನು ಸ್ಕಾಟ್ ಜುರೆಕ್ ೧೯೯೯ರಿಂದ ೨೦೦೫ರವರೆಗೆ ಸತತವಾಗಿ ಏಳು ಸಲ ಗೆದ್ದನು. ಆ ಕಾಲದಲ್ಲಿಯೇ ಅವನು ಸಂಪೂರ್ಣ ಸಸ್ಯಾಹಾರಕ್ಕೆ ತಿರುಗಿದ್ದನು. ಕಠಿಣ ವ್ಯಾಯಾಮ ಮಾಡುವವರಿಗೆ ದೇಹದ ತೂಕದ ಒಂದು ಕಿಲೋಗ್ರಾಮಿಗೆ ೧.೨ರಿಂದ ೨ ಗ್ರಾಂ ಪ್ರೋಟೀನು ಬೇಕು. ಮೇಲಿನ ಊಟಕ್ಕೆ ನೆನೆಸಿ ಬೇಯಿಸಿದ ಕಡಲೆ, ಸೋಯಾ, ಇನ್ನೊಂದು ಹಿಡಿ ಕಡಲೆಕಾಯಿ ಬೀಜ ಸೇರಬೇಕಾಗುವುದು. ಒಮ್ಮೆಗೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ ತಪ್ಪದು. ಎರಡು ಮೂರು ವಾರಗಳಲ್ಲಿ ಕ್ರಮವಾಗಿ ಏರಿಸುವುದು ಲೇಸು. ಸ್ನಾಯುಗಳಿಗೆ ಕ್ಷಣಮಾತ್ರದ ರಭಸವನ್ನು ಕೊಡುವ ಕ್ರಿಯಾಟೀನ್ ಎಂಬ ವಸ್ತು ಸಸ್ಯಗಳಲ್ಲಿ ಇಲ್ಲವೆನ್ನಬಹುದು. ದೇಹ ತಾನೇ ದಿನಕ್ಕೆ ಸುಮಾರು ಒಂದು ಗ್ರಾಂ ತಯಾರಿಸಿಕೊಳ್ಳುವುದಾದರೂ, ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಅದರ ಸಂಗ್ರಹ ತುಸು ಕಡಮೆ. ದೂರದ ಓಟಗಾರನಿಗೆ ಇದರಿಂದ ಬಾಧಕವಿಲ್ಲ. ಭಾರ ಎತ್ತುವವನಿಗೂ, ನೂರು ಮೀಟರ್ ಓಡುವವನಿಗೂ ಸ್ವಲ್ಪ ವ್ಯತ್ಯಾಸ ಆಗಬಹುದು; ಅಂಗಡಿಯಲ್ಲಿ ಮಾರುವ ಕ್ರಿಯಾಟೀನ್ ಪುಡಿಯನ್ನು ರಾಸಾಯನಿಕವಾಗಿಯೇ ತಯಾರಿಸುವುದರಿಂದ, ಬೇಕೆನಿಸಿದರೆ ಅವರು ಅದನ್ನು ವೈದ್ಯರ ಸಲಹೆ ಪಡೆದು ಬಳಸಬಹುದು.